ಮೂರು ದಿನದೊಳಗೆ ಬೇಡ ಅಂದವರು

ಸಾಲ ಬೇಕು ಎಂದು ಬರುವವರೆಲ್ಲ ಹೆಚ್ಚುಕಡಿಮೆ ಒಂದೇ ಥರ ಇರುತ್ತಾರೆ. ಇಸ್ತ್ರಿ ಮಾಡಿದ ಅಂಗಿ, ಪ್ಲಾಸ್ಟಿಕ್ ಕವರಿನಲ್ಲಿ ಮನೆ ಪತ್ರ, ಮಾತಿನಲ್ಲಿ ಅಗತ್ಯಕ್ಕಿಂತ ಸ್ವಲ್ಪ ಹೆಚ್ಚು ವಿನಯ. ಸಾಲ ಬೇಡ ಎಂದು ಬರುವವರು ಹಾಗಲ್ಲ. ಅವರಲ್ಲಿ ಒಬ್ಬರ ಹಾಗೆ ಇನ್ನೊಬ್ಬರಿರುವುದಿಲ್ಲ. ಅಂಥವರು ಒಬ್ಬರೂ ಬಾರದ ತಿಂಗಳು ನನಗೆ ನೆನಪಿಲ್ಲ.

ನಾನು ಸಣ್ಣದೊಂದು ಬ್ಯಾಂಕಿನಲ್ಲಿ ಸಾಲದ ಅಧಿಕಾರಿ. ಮೂಡಿಗೆರೆಯಲ್ಲಿ ಕೆಲವು ವರ್ಷ, ಆಮೇಲೆ ಕಳಸದಲ್ಲಿ, ಈಗ ಮತ್ತೆ ಮೂಡಿಗೆರೆಯಲ್ಲಿ. ನಮ್ಮ ಬ್ಯಾಂಕಿನಲ್ಲಿ ಒಂದು ನಿಯಮವಿದೆ. ವಾಸದ ಮನೆಯನ್ನು ಅಡವಿಟ್ಟು ಸಾಲ ತೆಗೆದುಕೊಂಡವರು, ಎಲ್ಲ ಕಾಗದಕ್ಕೂ ಸಹಿ ಹಾಕಿ ಮುಗಿಸಿದ ಮೇಲೂ, ಮೂರು ದಿನದೊಳಗೆ ಬಂದು ಬೇಡ ಎನ್ನಬಹುದು. ಕಾರಣ ಹೇಳಬೇಕಿಲ್ಲ, ದಂಡ ಕಟ್ಟಬೇಕಿಲ್ಲ. ಅಲ್ಲಿಯವರೆಗೆ ನಾವೂ ಹಣ ಬಿಡುಗಡೆ ಮಾಡುವುದಿಲ್ಲ. ಮನೆಗೆ ಇಬ್ಬರು ಹಕ್ಕುದಾರರಿದ್ದರೆ ಒಬ್ಬರು ಬೇಡ ಎಂದರೂ ಸಾಲ ಬಿದ್ದುಹೋಗುತ್ತದೆ. ಮನೆಯ ಬೆಲೆ ಸಾಕಾಗದೆ ಅದರ ಜೊತೆಗೆ ಜೀಪೋ, ಸೈಟೋ, ಗೋಡೌನಿನಲ್ಲಿರುವ ಕಾಫಿಯೋ ಹೆಚ್ಚುವರಿ ಭದ್ರತೆಗೆ ಕೊಟ್ಟಿದ್ದರೆ ಅದೂ ಮನೆಯ ಜೊತೆಗೇ ವಾಪಸ್. ಇರುವ ಸೂರು ಒಂದು ಗಳಿಗೆಯ ಆಸೆಗೆ ಅಡವಿಗೆ ಹೋಗಬಾರದು ಎಂಬುದು ಇದರ ಉದ್ದೇಶ. ಕಾಗದದಲ್ಲಿ ಇದಕ್ಕೊಂದು ಉದ್ದದ ಹೆಸರಿದೆ. ಊರಿನವರು 'ಬೇಡ ಅನ್ನೋ ಹಕ್ಕು' ಎನ್ನುತ್ತಾರೆ.

ಈ ನಿಯಮ ಮಾಡಿದವರು ಜನ ಮನೆಗೆ ಹೋಗಿ ಬಡ್ಡಿಯ ಲೆಕ್ಕ ಹಾಕಿ, ಯೋಚಿಸಿ ಬೇಡ ಎನ್ನುತ್ತಾರೆ ಎಂದುಕೊಂಡಿದ್ದರು. ನಾನು ಕಂಡಂತೆ ಬಡ್ಡಿಯ ಕಾರಣಕ್ಕೆ ಬೇಡ ಎಂದವರು ಒಬ್ಬರೇ. ಉಳಿದವರ ಕಾರಣಗಳೇ ಬೇರೆ.

ಬೆಲೆ ಇಲ್ಲದ ಅಡುಗೆಮನೆ

ಗೋಣಿಬೀಡಿನ ಕಡೆಯ ಒಬ್ಬ ಸಣ್ಣ ಬೆಳೆಗಾರರು ಕಾಫಿ ಒಣಗಿಸುವ ಕಣಕ್ಕೆ ಕಾಂಕ್ರೀಟ್ ಹಾಕಿಸಲು ಮನೆಯ ಮೇಲೆ ಸಾಲ ಕೇಳಿದರು. ಮನೆ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿತ್ತು. ಇಬ್ಬರೂ ಬಂದು ಸಹಿ ಹಾಕಿ, ಕಾಗದಗಳ ನಕಲು ತೆಗೆದುಕೊಂಡು ಹೋದರು.

ಮರುದಿನ ನಾವು ಷಟರ್ ಎತ್ತುವ ಹೊತ್ತಿಗೆ ಹೆಂಡತಿ ಒಬ್ಬರೇ ಬಾಗಿಲಲ್ಲಿ ನಿಂತಿದ್ದರು.

"ಸಾಲ ಬೇಡ ಮೇಡಂ."

"ಆಗ್ಲಿ ಅಮ್ಮ. ಕಾರಣ ಹೇಳ್ಬೇಕು ಅಂತ ಏನಿಲ್ಲ."

"ನೀವು ಕೇಳ್ದಿದ್ರೂ ನಾನು ಹೇಳ್ತೀನಿ," ಎಂದು ಅವರು ನಕಲಿನ ಕಟ್ಟು ಬಿಚ್ಚಿ ಒಂದು ಹಾಳೆಯ ಮೇಲೆ ಬೆರಳಿಟ್ಟರು. ಅದು ಮನೆಯ ಬೆಲೆ ಕಟ್ಟಲು ನಾವು ಕಳಿಸಿದ್ದ ಎಂಜಿನಿಯರ್ ಕೊಟ್ಟ ವರದಿ. ಹಜಾರ, ಕೋಣೆ, ಹೆಂಚು ಎಲ್ಲಕ್ಕೂ ಒಂದೊಂದು ಬೆಲೆ ಬರೆದು, ಕೊನೆಯಲ್ಲಿ 'ಅಡುಗೆಮನೆ: ಕತ್ತಲೆ, ಹೊಗೆ ಹಿಡಿದಿದೆ, ಬೆಲೆಗೆ ಪರಿಗಣಿಸಿಲ್ಲ' ಎಂದಿತ್ತು.

"ನನ್ನ ಇಬ್ರು ನಾದಿನೀರ ಬಾಣಂತನ ಇದೇ ಅಡುಗೆಮನೆಯಲ್ಲಿ ಆಗಿದೆ. ಕಾಫಿ ಕೊಯ್ಲಿಗೆ ಬಂದವ್ರಿಗೆಲ್ಲ ಇಲ್ಲೇ ಬೇಯ್ತದೆ. ಇದಕ್ಕೆ ಬೆಲೆ ಇಲ್ವಂತೆ! ಬೆಲೆ ಇಲ್ಲದ ಅಡುಗೆಮನೆ ಇರೋ ಮನೆ ನಿಮ್ಗಾದ್ರೂ ಯಾಕೆ? ಪತ್ರ ವಾಪಸ್ ಕೊಡಿ."

ಅಷ್ಟರಲ್ಲಿ ಗಂಡ ಬೈಕಿನಲ್ಲಿ ಏದುಸಿರು ಬಿಡುತ್ತಾ ಬಂದರು. ಕಾಂಕ್ರೀಟಿನವರಿಗೆ ಹೇಳಿಯಾಗಿತ್ತು. ಕೊಯ್ಲು ಹತ್ತಿರವಿತ್ತು. ಕಣ ಆಗದಿದ್ದರೆ ಆ ವರ್ಷವೂ ಹಣ್ಣನ್ನು ಮಣ್ಣಿನ ಮೇಲೆ ಹರಡಿ ಸಿಕ್ಕಿದ ಬೆಲೆಗೆ ಕೊಡಬೇಕಾಗಿತ್ತು.

"ಕಣ ಮಾಡ್ಸೋದು ಇವಳಿಗಾಗಿಯೇ ಮೇಡಂ. ಕಾಫಿ ಹರಡೋಳು, ಕೆದಕೋಳು ಎಲ್ಲ ಇವಳೇ," ಎಂದರು.

"ಹರಡೋದಕ್ಕೆ ಬೆಲೆ ಬರೆದಿದಾರಾ ನೋಡಿ ಅದ್ರಲ್ಲಿ," ಎಂದರು ಹೆಂಡತಿ.

ನಾನು ಎಂಜಿನಿಯರಿಗೆ ಫೋನ್ ಮಾಡಿ ಇನ್ನೊಮ್ಮೆ ನೋಡಿಬನ್ನಿ ಎಂದೆ. ಅವರು ಹೋಗುವಷ್ಟರಲ್ಲಿ ಗಂಡ ಅಡುಗೆಮನೆಗೆ ಸುಣ್ಣ ಬಳಿದು, ಕಿಟಕಿಗೆ ಅಡ್ಡವಿದ್ದ ಸೌದೆ ತೆಗೆಸಿ, ದೊಡ್ಡ ಬಲ್ಬು ಹಾಕಿಸಿದ್ದರಂತೆ. ಸಂಜೆ ಬಂದ ಹೊಸ ವರದಿಯಲ್ಲಿ ಹೀಗಿತ್ತು: 'ಅಡುಗೆಮನೆ ಸುಸ್ಥಿತಿಯಲ್ಲಿದೆ. ಕಡುಬು, ಕೋಳಿಸಾರು ಸ್ಥಳದಲ್ಲೇ ಪರಿಶೀಲಿಸಲಾಗಿದೆ.'

ನಮ್ಮ ಮ್ಯಾನೇಜರ್ ಎರಡನೇ ವಾಕ್ಯವನ್ನು ಹೊಡೆದು ಹಾಕಿದರು. ಆಕೆ ಸಾಲಕ್ಕೆ ಒಪ್ಪಿ, ಹೊಸ ನಕಲು ತೆಗೆದುಕೊಂಡು, ಆ ಗೀಟಿನ ಮೇಲೆ ಬೆರಳಿಟ್ಟು ಕೇಳಿದರು: "ಇದನ್ನ ಹೊಡೆದವ್ರು ಯಾರು? ಅವ್ರು ಬಂದು ತಿಂದಿದ್ರಾ?"

ಆಶೀರ್ವಾದದ ಅಡಮಾನ

ಕಳಸದಲ್ಲಿದ್ದಾಗಿನ ಮಾತು. ಸಂಸೆಯಿಂದ ಪ್ರವಾಸಿಗರನ್ನು ಜೀಪಿನಲ್ಲಿ ಗುಡ್ಡ ಹತ್ತಿಸುತ್ತಿದ್ದ ಒಬ್ಬ ಇನ್ನೊಂದು ಜೀಪು ಕೊಳ್ಳಲು ಸಾಲಕ್ಕೆ ಬಂದ. ಮನೆ ತಾಯಿಯ ಹೆಸರಿನಲ್ಲಿತ್ತು. ಮನೆ ಚಿಕ್ಕದಾದ್ದರಿಂದ ಇದ್ದ ಜೀಪನ್ನೂ ಹೆಚ್ಚುವರಿ ಭದ್ರತೆಗೆ ತೆಗೆದುಕೊಂಡೆವು. ತಾಯಿ ಬಂದು ನಿಧಾನವಾಗಿ ಸಹಿ ಹಾಕಿದರು. ವಾಹನ ಅಡವಿಟ್ಟವರು ಅದರ ಮೇಲೆ 'ಬ್ಯಾಂಕಿಗೆ ಅಡಮಾನವಾಗಿದೆ' ಎಂದು ಬರೆಸಬೇಕು. ಅದನ್ನು ಅವನಿಗೆ ಹೇಳಿ ಕಳಿಸಿದೆವು.

ಅವನು ಅಲ್ಲಿಂದ ನೇರ ಪೇಂಟರ್ ಹತ್ತಿರ ಹೋಗಿ, ಜೀಪು ನಿಲ್ಲಿಸಿ, "ಹಿಂದ್ಗಡೆ ಜಾಗ ಉಂಟಲ್ಲ, ಅಲ್ಲಿ ಬರಿ ಮಾರಾಯ," ಎಂದು ಹೇಳಿ ಊಟಕ್ಕೆ ಹೋದ. ಜೀಪಿನ ಹಿಂಬದಿಯಲ್ಲಿ ಮೊದಲೇ ದೊಡ್ಡ ಅಕ್ಷರದಲ್ಲಿ 'ಅಮ್ಮನ ಆಶೀರ್ವಾದ' ಎಂದು ಬರೆಸಿದ್ದ. ಪೇಂಟರ್ ಅಚ್ಚುಕಟ್ಟಿನ ಮನುಷ್ಯ. ಅದೇ ಬಣ್ಣದಲ್ಲಿ, ಅದೇ ಅಳತೆಯ ಅಕ್ಷರದಲ್ಲಿ, ಸರಿಯಾಗಿ ಅದರ ಕೆಳಗೇ ಬರೆದ.

*ಅಮ್ಮನ ಆಶೀರ್ವಾದ*
*ಬ್ಯಾಂಕಿಗೆ ಅಡಮಾನವಾಗಿದೆ*

ಹಿಂದೆ ಬರೆದದ್ದನ್ನು ಜೀಪು ಓಡಿಸುವವನು ನೋಡುವುದಿಲ್ಲ. ಕಳಸದ ಪೇಟೆಯೆಲ್ಲ ನೋಡಿತು, ಯಾರೂ ಅವನಿಗೆ ಹೇಳಲಿಲ್ಲ. ಕೊನೆಗೆ ಸಂಸೆಯಲ್ಲಿ ಜೀಪು ಹತ್ತಲು ಬಂದ ತಾಯಿಯೇ ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಅದೇ ಜೀಪಿನಲ್ಲಿ ಬ್ಯಾಂಕಿಗೆ ಬಂದಿಳಿದರು.

"ನಂಗೆ ಈ ಸಾಲ ಬೇಡ."

ನಮ್ಮ ಕಳಸದ ಮ್ಯಾನೇಜರ್ ವಿಜಯಪುರದ ಕಡೆಯವರು, ಆಗಷ್ಟೇ ವರ್ಗವಾಗಿ ಬಂದಿದ್ದರು. "ಯಾಕ್ರಿ ಅಮ್ಮಾರ, ಏನಾತು?" ಎಂದರು.

"ಮನೆ ನಂದು, ನಾನು ಕೊಟ್ಟೆ. ಜೀಪು ಅವ್ನದ್ದು, ಅವ್ನು ಕೊಟ್ಟ. ಆಶೀರ್ವಾದ ನಿಮ್ಗೆ ಕೊಟ್ಟದ್ದು ಯಾರು?"

ನಾವೆಲ್ಲ ಹೊರಗೆ ಹೋಗಿ ಜೀಪಿನ ಹಿಂದೆ ನಿಂತು ಓದಿದೆವು. ಕ್ಯಾಷಿಯರ್ ಕೆಮ್ಮುವ ನೆಪದಲ್ಲಿ ಒಳಗೆ ಓಡಿದ. ಮ್ಯಾನೇಜರ್ ನಗು ತಡೆದುಕೊಂಡು, "ಇದು ಪೇಂಟರ್ ಮಾಡಿದ ಅವಾಂತರ ಅಮ್ಮಾರ," ಎಂದು ಶುರುಮಾಡಿದರು.

ತಾಯಿ ನಗಲಿಲ್ಲ. "ದಿನಾ ಆ ತಿರುವುಗಳಲ್ಲಿ ಜನರನ್ನ ತುಂಬ್ಕೊಂಡು ಹೋಗ್ತಾನೆ. ಸಾಲ ತೀರೋವರೆಗೆ ಆಶೀರ್ವಾದ ನಿಮ್ಮ ಹತ್ರ ಇದ್ರೆ, ದಾರಿಯಲ್ಲಿ ಅವ್ನ ಹತ್ರ ಎಂತ ಇರ್ತದೆ?"

ಮಗ ಹೋಗಿ ಪೇಂಟರನ್ನೇ ಕರೆತಂದ. ಪೇಂಟರ್ ಬ್ಯಾಂಕಿನ ಮುಂದೆಯೇ ಕೆಳಗಿನ ಸಾಲನ್ನು ಒರೆಸಿ, ಡ್ರೈವರ್ ಬಾಗಿಲಿನ ಮೇಲೆ ಹೊಸದಾಗಿ ಬರೆದ. ತಾಯಿ ಹಿಂದೆ ಹೋಗಿ ಆಶೀರ್ವಾದ ಸರಿಯಾಗಿದೆಯೇ ನೋಡಿದರು. ಪಕ್ಕಕ್ಕೆ ಬಂದು ಸಾಲ ಸರಿಯಾಗಿದೆಯೇ ನೋಡಿದರು. "ಅಡ್ಡಿಲ್ಲ, ಇರ್ಲಿ" ಎಂದರು.

ಮ್ಯಾನೇಜರಿಗೆ ಸಮಾಧಾನವಾಯಿತು. "ಈ ಜಾಗಾ ಛಲೋ ಅದ ಅಲ್ರಿ?"

"ಹೌದು. ಆಶೀರ್ವಾದ ಅವ್ನ ಬೆನ್ನಿಗೆ ಇರ್ಲಿ. ಸಾಲ ಮಾತ್ರ ಹತ್ತುವಾಗೊಮ್ಮೆ ಇಳಿಯುವಾಗೊಮ್ಮೆ ಕಣ್ಣಿಗೆ ಬೀಳ್ಬೇಕು."

ತುರ್ತು

ಇದು ಸಣ್ಣದು. ಮೂರು ದಿನ ಕಾಯಲಾಗದಷ್ಟು ತುರ್ತು ಇದ್ದವರು, ಬೇಡ ಅನ್ನುವ ಹಕ್ಕು ತಮಗೆ ಬೇಡ ಎಂದು ಸ್ವಂತ ಕೈಬರಹದಲ್ಲಿ ಕಾರಣ ಬರೆದುಕೊಟ್ಟರೆ ಅದೇ ದಿನ ಹಣ ಸಿಗುತ್ತದೆ. ಆಸ್ಪತ್ರೆ ಖರ್ಚು, ಕುಸಿದ ಗೋಡೆ, ಇಂಥವಕ್ಕಾಗಿ ಇಟ್ಟಿರುವ ಅವಕಾಶ.

ಮೂಡಿಗೆರೆ ಪೇಟೆಯಲ್ಲಿ ಕಬ್ಬಿಣದ ಸಾಮಾನಿನ ಅಂಗಡಿ ಇಟ್ಟಿದ್ದ ಒಬ್ಬರು ಮನೆಗೆ ಮಹಡಿ ಕಟ್ಟಿಸಲು ಸಾಲ ತೆಗೆದರು. ಒಂಟಿ ಮನುಷ್ಯ, ಮದುವೆಯಾದವರಲ್ಲ. ಹಣ ಇವತ್ತೇ ಬೇಕು ಎಂದು ಪಟ್ಟು ಹಿಡಿದರು. ಹಾಗಾದರೆ ಕಾರಣ ಬರೆದುಕೊಡಿ ಎಂದು ಹಾಳೆ ಕೊಟ್ಟೆ. ಬಹಳ ಹೊತ್ತು ಯೋಚಿಸಿ, ದುಂಡಗೆ ಬರೆದುಕೊಟ್ಟರು: 'ಮೂರು ದಿನ ತಡವಾದರೆ ನನ್ನ ಮನಸ್ಸು ಬದಲಾಗುವ ಸಂಭವ ಇರುವುದರಿಂದ ತುರ್ತಾಗಿ ಹಣ ಕೊಡಬೇಕಾಗಿ ವಿನಂತಿ.'

"ಸ್ವಾಮಿ, ಮನಸ್ಸು ಬದಲಾಗ್ಲಿ ಅಂತಲೇ ಆ ಮೂರು ದಿನ ಇಟ್ಟಿರೋದು," ಎಂದೆ.

"ಅದು ನಿಮ್ಮ ಕಡೆಯಿಂದ ನೋಡಿದ್ರೆ ಮೇಡಂ. ನನ್ನ ಮನಸ್ಸಿನ ಜೊತೆ ಇರೋನು ನಾನು. ಹತ್ತು ವರ್ಷದಿಂದ ಈ ಮಹಡಿ ಕಟ್ತಾ ಇದೀನಿ. ಒಂದು ಇಟ್ಟಿಗೆ ಎದ್ದಿಲ್ಲ."

ಪಾಪ ಎನಿಸಿತು, ಆದರೆ ಆ ಕಾರಣಕ್ಕೆ ಹಣ ಕೊಡುವಂತಿರಲಿಲ್ಲ. ಅವರು ಮುಖ ಚಿಕ್ಕದು ಮಾಡಿಕೊಂಡು ಹೋದರು. ಮೂರು ದಿನ ಕಳೆದ ಮೇಲೆ ಬಂದು ಕುರ್ಚಿ ಎಳೆದು ಕುಳಿತರು.

"ಬದಲಾಯ್ತಾ?" ಎಂದು ಕೇಳಿದೆ.

"ನಾನು ಹೇಳ್ಲಿಲ್ವಾ, ಬದಲಾಗ್ತದೆ ಅಂತ. ಈಗ ಎರಡು ಮಹಡಿ."

ನಾಯಿಯ ಅಭಿಪ್ರಾಯ

ಬಡ್ಡಿಯ ಕಾರಣಕ್ಕೆ ಬೇಡ ಎಂದವರು ಇವರೇ. ದೊಡ್ಡ ಪ್ಲಾಂಟರ್. ಎಸ್ಟೇಟಿನ ಬಂಗಲೆಯನ್ನೂ, ಜೊತೆಗೆ ಗೋಡೌನಿನಲ್ಲಿದ್ದ, ಹಣ್ಣಿನ ಸಿಪ್ಪೆ ಸುಲಿದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯನ್ನೂ ಭದ್ರತೆಗೆ ಕೊಟ್ಟು ಸಾಲಕ್ಕೆ ಸಹಿ ಹಾಕಿದ್ದರು. ಮರುದಿನವೇ ಇನ್ನೊಂದು ಬ್ಯಾಂಕಿನವರು ಬಡ್ಡಿ ಕಡಿಮೆ ಮಾಡಿಕೊಡುತ್ತೇವೆ ಎಂದರಂತೆ. ಇವರು ಬಂದು, "ನಂಗೆ ಬೇಡ ಅನ್ನೋ ಹಕ್ಕು ಉಂಟಲ್ಲ, ಅದು ಕೊಡಿ," ಎಂದರು.

ತೊಡಕು ಏನೆಂದರೆ, ಆ ಹಕ್ಕು ಇರುವುದು ವಾಸದ ಮನೆಗೆ ಮಾತ್ರ. ಅವರು ಇರುವುದು ಚಿಕ್ಕಮಗಳೂರಿನಲ್ಲಿ ಎಂದು ನಮ್ಮ ಮ್ಯಾನೇಜರಿಗೆ ಅನುಮಾನ. ಅವರನ್ನೇ ಕೇಳಿದರು.

"ಛೆ ಛೆ, ನಾನು ಎಸ್ಟೇಟಲ್ಲೇ ಇರೋದು. ಚಿಕ್ಕಮಗಳೂರಿಗೆ ಎಂತಾದ್ರೂ ಕೆಲಸ ಇದ್ರೆ ಹೋಗೋದಪ್ಪ. ಬೇಕಾದ್ರೆ ಬಂದು ನೋಡಿ."

ನೋಡಲು ನನ್ನನ್ನು ಕಳಿಸಿದರು. ಅವರ ಕಾರಿನಲ್ಲೇ ಹೋದೆವು. ಬಂಗಲೆಯ ಅಂಗಳದಲ್ಲಿ ಕಾರು ನಿಂತಿತು. ಅವರು ಇಳಿದರು. ಮೆಟ್ಟಿಲ ಮೇಲೆ ಮಲಗಿದ್ದ ಕರಿ ನಾಯಿ ಎದ್ದು, ಅವರನ್ನು ಮೇಲಿಂದ ಕೆಳಗೆ ನೋಡಿ, ಪ್ರಾಣ ಹೋಗುವ ಹಾಗೆ ಬೊಗಳತೊಡಗಿತು.

"ಟೈಗರ್! ಟೈಗರ್! ನಾನು ಕಣೋ!" ಎಂದು ಅವರು ಕೂಗಿದರು.

ನಾಯಿ ಇನ್ನೂ ಎರಡು ಮೆಟ್ಟಿಲು ಇಳಿಯಿತು. ಅವರು ಎರಡು ಹೆಜ್ಜೆ ಹಿಂದೆ ಬಂದು ಕಾರಿನ ಬಾಗಿಲು ಹಿಡಿದರು. ಅಷ್ಟರಲ್ಲಿ ಎಸ್ಟೇಟಿನ ಲೆಕ್ಕಪತ್ರ ನೋಡುವ ರೈಟರ್ ಆಫೀಸಿನಿಂದ ಓಡಿಬಂದ.

"ಸಾರ್, ಟೈಗರ್ ಸತ್ತು ಎರಡು ವರ್ಷ ಆಯ್ತು. ಇದು ರಾಜ."

ರಾಜ ರೈಟರನ್ನು ನೋಡಿ ಬಾಲ ಅಲ್ಲಾಡಿಸಿತು. ನನ್ನನ್ನು ಮೂಸಿ ನೋಡಿ ದಾರಿ ಬಿಟ್ಟಿತು. ಯಜಮಾನರನ್ನು ಮಾತ್ರ ಒಳಗೆ ಬಿಡಲು ಒಪ್ಪಲಿಲ್ಲ. ರೈಟರ್ ಅದರ ಕುತ್ತಿಗೆ ಹಿಡಿದುಕೊಂಡ ಮೇಲೆ ಅವರು ಗೋಡೆ ಸವರಿಕೊಂಡು ಒಳಗೆ ಬಂದರು. ವರಾಂಡದಲ್ಲಿ ಒಂದು ಹಳೆಯ ಈಸಿಚೇರ್ ಇತ್ತು. "ನಾನು ಸಂಜೆ ಕೂತ್ಕೊಳ್ಳೋದು ಇದ್ರಲ್ಲೇ ಮೇಡಂ," ಎಂದು ಅವರು ಅದರ ಹತ್ತಿರ ಹೋದರು. ರಾಜ ರೈಟರನ ಕೈಯಿಂದ ನುಣುಚಿಕೊಂಡು ಬಂದು ಆ ಕುರ್ಚಿ ಹತ್ತಿ ಕುಳಿತಿತು. ಕುಳಿತ ಜಾಗ ಅದಕ್ಕೆ ಎಷ್ಟು ಸರಿಯಾಗಿ ಹೊಂದಿತ್ತೆಂದರೆ ನಾನು ಹೆಚ್ಚು ವಿಚಾರಿಸಲಿಲ್ಲ.

ವರದಿಯಲ್ಲಿ ವಾಸವಿರುವವರು ಯಾರು ಎಂಬ ಕಾಲಮ್ಮಿನ ಮುಂದೆ 'ನಾಯಿ' ಎಂದು ಬರೆದೆ.

ಪ್ಲಾಂಟರ್ ಅದನ್ನು ಓದಿ ಮೊದಲು ಕೆಂಪಾದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಾಲ ಹಾಗೇ ಉಳಿಯಿತು. ಮುಂದಿನ ಸಲ ಅವರು ಎಸ್ಟೇಟಿಗೆ ಹೋದಾಗ ಕಾರಿನಲ್ಲಿ ಬಿಸ್ಕತ್ತಿನ ದೊಡ್ಡ ಡಬ್ಬವಿತ್ತು. ರೈಟರ್ ಹಾಗೆ ಸಲಹೆ ಕೊಟ್ಟಿದ್ದನಂತೆ: "ಸಾರ್, ಮುಂದಿನ ಸಾಲಕ್ಕೆ ಈಗಿಂದ್ಲೇ ಪರಿಚಯ ಮಾಡ್ಕೊಳ್ಳೋದು ಒಳ್ಳೇದು."

ಅಣ್ಣನ ಮನೆ

ಕೊಟ್ಟಿಗೆಹಾರದಲ್ಲಿ ಘಾಟಿ ಇಳಿಯುವ ಬಸ್ಸುಗಳು ನಿಲ್ಲುವ ಕಡೆ ಒಬ್ಬನ ಹೋಟೆಲ್ಲಿತ್ತು. ಅದನ್ನು ದೊಡ್ಡದು ಮಾಡಲು ಮನೆಯ ಮೇಲೆ ಸಾಲ ಕೇಳಿದ. ಮನೆಯ ಬೆಲೆ ಸಾಕಾಗಲಿಲ್ಲ. ಅವನ ಅಣ್ಣ, ನಿವೃತ್ತ ಮೇಷ್ಟ್ರು, ಯಾರೂ ಕೇಳದೆಯೇ ಬಂದು ಸ್ವಂತ ಮನೆಯನ್ನೂ ಹೆಚ್ಚುವರಿ ಭದ್ರತೆಗೆ ಬರೆದುಕೊಟ್ಟರು. ನಮ್ಮ ಕಸುಬಿನಲ್ಲಿ ಇಂಥದ್ದು ಅಪರೂಪ. ನಾವೆಲ್ಲ ಮೇಷ್ಟ್ರನ್ನು ಗೌರವದಿಂದ ನೋಡಿದೆವು.

ಎರಡನೇ ದಿನ ತಮ್ಮ ಬಂದ. ಮುಖ ಬಾಡಿತ್ತು.

"ಅಣ್ಣನ ಮನೆ ಬೇಡ ಮೇಡಂ. ಅದನ್ನ ಬಿಟ್ಟುಬಿಡಿ."

"ಅದನ್ನ ಬಿಟ್ರೆ ಪೂರ್ತಿ ಸಾಲವೇ ಹೋಗ್ತದಲ್ಲ. ಹೋಟೆಲ್?"

"ಹೋದ್ರೆ ಹೋಗ್ಲಿ. ಅಣ್ಣನ ಮನೆ ಅಡ ಇಟ್ಟು ನಂಗೆ ದೋಸೆ ಹುಯ್ಯೋಕೆ ಆಗಲ್ಲ."

ನಾನು ಅವನಿಗೆ ಕುರ್ಚಿ ಎಳೆದುಕೊಟ್ಟೆ. ಅಷ್ಟರಲ್ಲಿ ಯಾರೋ ಹೇಳಿ ಕಳಿಸಿದ್ದಕ್ಕೆ ಮೇಷ್ಟ್ರೂ ಬಂದರು. ತಮ್ಮನ ಭುಜದ ಮೇಲೆ ಕೈ ಹಾಕಿ, ಇಡೀ ಬ್ಯಾಂಕಿಗೆ ಕೇಳುವ ಹಾಗೆ, ಪಾಠ ಹೇಳುವ ದನಿಯಲ್ಲಿ ಮಾತಾಡಿದರು.

"ನೋಡೋ, ನೀನು ಎಂತ ಯೋಚ್ನೆ ಮಾಡ್ಬೇಡ. ಹೋಟೆಲ್ ನಡೆದ್ರೆ ಒಳ್ಳೇದೇ. ನಡೀಲಿಲ್ಲ ಅಂತಿಟ್ಕೋ, ನನ್ನ ಮನೆ ಹೋಯ್ತು ಅಂತಲೂ ಇಟ್ಕೋ. ಆಗ್ಲೂ ನಂಗೆ ಬೇಜಾರಿಲ್ಲ. ನಾನು, ನಿನ್ನ ಅತ್ತಿಗೆ, ನನ್ನ ಪುಸ್ತಕ ಎಲ್ಲ ತಗೊಂಡು ಬಂದು ಸಾಯೋವರೆಗೂ ನಿನ್ನ ಜೊತೆಗೇ ಇರ್ತೀವಿ."

ಬ್ಯಾಂಕಿನಲ್ಲಿದ್ದವರೆಲ್ಲ ಮೆಚ್ಚಿ ತಲೆದೂಗಿದರು. ತಮ್ಮ ನನ್ನ ಕಡೆ ಬಗ್ಗಿ ಮೆಲ್ಲಗೆ ಹೇಳಿದ:

"ನಿನ್ನೆ ಸಂಜೆ ಮನೆಗೆ ಬಂದು ಇದನ್ನೇ ಹೇಳಿದ್ರು ಮೇಡಂ. ಅದಕ್ಕೇ ಬೇಡ ಅಂದಿದ್ದು."

ಇಬ್ಬರ ಸಹಿ

ಇದೂ ಕಳಸದ್ದೇ, ಅದೇ ವಿಜಯಪುರದ ಮ್ಯಾನೇಜರ್ ಇದ್ದಾಗ ನಡೆದದ್ದು.

ಪೇಟೆಯಲ್ಲಿ ಕೊಡೆ, ಕಂಬಳಿ, ಟಾರ್ಪಾಲು ಮಾರುವ ಒಬ್ಬ ವ್ಯಾಪಾರಿ ಇದ್ದರು. ವಿಭೂತಿ ಹಚ್ಚಿಕೊಂಡು ಬೆಳಿಗ್ಗೆಯೇ ಅಂಗಡಿ ತೆರೆಯುವವರು, ಮೆತ್ತಗಿನ ಮಾತಿನವರು. ಅವರ ಅಂಗಡಿಯ ಪಕ್ಕದ ಮಳಿಗೆ ಮಾರಾಟಕ್ಕೆ ಬಂತು. ಅದನ್ನು ಕೊಂಡು ಎರಡನ್ನೂ ಸೇರಿಸಿ ದೊಡ್ಡದು ಮಾಡುವುದೆಂದು ಗಂಡ ಹೆಂಡತಿ ಸಾಲಕ್ಕೆ ಬಂದರು. ಮನೆ ಇಬ್ಬರ ಹೆಸರಿನಲ್ಲಿ. ಅದು ಸಾಲದೆ, ಹೆಂಡತಿಗೆ ತವರಿನಿಂದ ಬಂದಿದ್ದ ಸೈಟನ್ನೂ ಹೆಚ್ಚುವರಿ ಭದ್ರತೆಗೆ ಹಾಕಿದರು. ಪಕ್ಕದ ಮಳಿಗೆಯವರಿಗೆ ಮುಂಗಡ ಕೊಟ್ಟಾಗಿತ್ತು.

ಸಹಿಯ ದಿನ ಕಾಗದದ ಕಟ್ಟು ಹೆಡ್ಡಾಫೀಸಿನಿಂದ ಬಂದಿತ್ತು. ಮ್ಯಾನೇಜರ್ ಊಟದ ಹೊತ್ತಿನೊಳಗೆ ಮುಗಿಸುವ ಹುರುಪಿನಲ್ಲಿ, "ಇಲ್ಲಿ ಹಾಕ್ರಿ, ಇಲ್ಲಿ ಹಾಕ್ರಿ, ಇಲ್ಲೊಂದು," ಎಂದು ಹಾಳೆ ತಿರುವುತ್ತಾ ಹೋದರು. ಗಂಡ ನೋಡದೆ ಹಾಕುತ್ತಾ ಹೋದರು. ಹೆಂಡತಿಯದು ಉದ್ದದ ಹೆಸರು, ಊರಿನ ಹೆಸರೂ ಸೇರಿ. ಪ್ರತಿ ಸಲವೂ ಕೊನೆಯ ಅಕ್ಷರಕ್ಕೆ ಒಂದು ಬಾಲ ಎಳೆದು, ಅದು ಚೆನ್ನಾಗಿ ಬಂತೇ ಎಂದು ನೋಡಿ, ಮುಂದಿನದಕ್ಕೆ ಹೋಗುತ್ತಿದ್ದರು. ಕಟ್ಟನ್ನು ಅಂದೇ ಹೆಡ್ಡಾಫೀಸಿಗೆ ಕಳಿಸಿದೆವು.

ಮೂರು ದಿನ ಕಳೆಯಿತು. ಹಣ ಬರಲಿಲ್ಲ. ಮ್ಯಾನೇಜರ್ ಹೆಡ್ಡಾಫೀಸಿಗೆ ಫೋನ್ ಮಾಡಿದರು. ಮಾತಾಡುತ್ತಾ ಆಡುತ್ತಾ ಅವರ ಮುಖದ ಬಣ್ಣ ಇಳಿದದ್ದು ನನಗೆ ಕಾಣಿಸಿತು. ಫೋನ್ ಇಟ್ಟು ನೀರು ಕುಡಿದರು.

"ಮೇಡಮ್ಮಾರ, ಆ ಕಟ್ಟಿನ್ಯಾಗ ಬೇಡ ಅನ್ನೂ ಕಾಗದಾನೂ ಇತ್ತಂತ. ಖಾಲಿ ಇದ್ದಂಗ ಅವರ ಕೈಯಾಗ ಕೊಟ್ಟು ಮನಿಗೆ ಕಳಸಬೇಕಿತ್ತು. ನಾ ಅದಕ್ಕೂ ಸಹಿ ಹಾಕಿಸೇನಿ. 'ಈ ಸಾಲ ನಮಗೆ ಬೇಡ' ಅಂತ ಇಬ್ಬರದೂ ಸಹಿ. ಸಾಲ ಅವತ್ತ ರದ್ದಾಗೇದ. ಮ್ಯಾಲ ಹೆಡ್ಡಾಫೀಸಿನವ್ರು ನನಗ ಶಾಭಾಸ್ ಅಂದ್ರು. ನಿಮ್ಮ ಶಾಖೆಯವ್ರು ಗಿರಾಕಿಗೆ ಹಕ್ಕಿನ ಬಗ್ಗೆ ಎಷ್ಟ ಚಂದ ತಿಳಿಸಿ ಹೇಳ್ತಾರ ಅಂತ." ಫೋನನ್ನು ನನ್ನ ಕಡೆ ತಳ್ಳಿ, "ಅಂಗಡಿಯವ್ರಿಗೆ ನೀವ ಹೇಳ್ರಿ. ನನಗ ಬಾಯಿ ಬರವಲ್ದು," ಎಂದರು.

ನಾನು ವ್ಯಾಪಾರಿಗೆ ಫೋನ್ ಮಾಡಿದೆ. "ಸಾಲ ರದ್ದಾಗಿದೆ. ಬೇಡ ಅನ್ನೋ ಕಾಗದಕ್ಕೆ ಸಹಿ ಬಿದ್ದಿದೆ," ಎಂದೆ. ಆ ಕಡೆಯಿಂದ ಅವರು, "ಯಾರ ಸಹಿ?" ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಮತ್ತೆ ಸಿಗಲಿಲ್ಲ.

ಮಧ್ಯಾಹ್ನ ಅವರೇ ಬಂದರು. ಹೆಂಡತಿಯನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ, ಒಬ್ಬರೇ ನನ್ನ ಮೇಜಿನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದರು.

"ಅವ್ಳಿಗೆ ಎಂತ ಕೇಳ್ಬೇಡಿ ಮೇಡಂ. ಸೈಟು ಅವ್ಳ ಅಪ್ಪ ಕೊಟ್ಟದ್ದು. ಮನಸ್ಸು ಬಂದಿರ್ಲಿಕ್ಕಿಲ್ಲ. ನನ್ನ ಹತ್ರ ಹೇಳೋಕಾಗ್ದೆ ಇಲ್ಲಿ ಬಂದು ಸಹಿ ಹಾಕಿದಾಳೆ. ಇರ್ಲಿ."

ಅವರು ನೀರು ಕುಡಿಯಲು ಆ ಕಡೆ ಹೋದರು. ಹೆಂಡತಿ ಎದ್ದು ಬಂದರು.

"ಸಾಲ ರದ್ದಾಯ್ತಂತೆ, ಯಾರೋ ಸಹಿ ಹಾಕಿದಾರಂತೆ ಅಂತ ನಮ್ಮನೆಯವ್ರು ಹೇಳಿದ್ರು ಮೇಡಂ, ನನ್ನ ಮುಖ ನೋಡ್ದೆ. ಅವ್ರೇ ಹಾಕಿರೋದು. ಸಾಲ ಅಂದ್ರೆ ಅವ್ರಿಗೆ ಮೊದ್ಲಿಂದ್ಲೂ ಹೆದ್ರಿಕೆ. ಸಾಲಕ್ಕೆ ಸಹಿ ಹಾಕಿದ ದಿವ್ಸದಿಂದ ಊಟ ಸೇರ್ತಾ ಇಲ್ಲ. ಅವ್ರಿಗೆ ನೀವು ಎಂತ ಹೇಳ್ಬೇಡಿ. ನಾಚ್ಕೆ ಆಗ್ತದೆ ಅವ್ರಿಗೆ."

ಇನ್ನು ತಡ ಮಾಡುವುದು ಸರಿಯಲ್ಲವೆಂದು ಇಬ್ಬರನ್ನೂ ಮ್ಯಾನೇಜರ್ ಕ್ಯಾಬಿನ್ನಿಗೆ ಕರೆದುಕೊಂಡು ಹೋದೆ. ಮ್ಯಾನೇಜರ್ ಎದ್ದು ನಿಂತು, ಕಂಪ್ಯೂಟರಿನಲ್ಲಿ ಬಂದಿದ್ದ ಆ ಹಾಳೆಯ ಪ್ರಿಂಟನ್ನು ಅವರ ಮುಂದಿಟ್ಟು, ಕೈ ಮುಗಿಯಲು ತಯಾರಾದರು. ಗಂಡ ಹೆಂಡತಿ ಬಗ್ಗಿ ನೋಡಿದರು. ಎಡಗಡೆ ಗಂಡನ ಸಹಿ, ಬಲಗಡೆ ಬಾಲವಿದ್ದ ಉದ್ದದ ಸಹಿ.

"ನೀನೂ ಬೇಡ ಅಂದ್ಯಾ?" ಎಂದರು ಗಂಡ.

"ನೀವೂ ಬೇಡ ಅಂದ್ರಾ?" ಎಂದರು ಹೆಂಡತಿ.

"ಇಬ್ರೂ ಅಂದಿಲ್ರಿ, ತಪ್ಪು ನಂದ ಅದ," ಎಂದು ಮ್ಯಾನೇಜರ್ ನಡುವೆ ಬಾಯಿ ಹಾಕಿ, ಕಟ್ಟಿನ ಕಥೆಯನ್ನೆಲ್ಲ ಹೇಳಿದರು. "ನಾಳೆನ ಹೊಸದಾಗಿ ಮಾಡೂಣ್ರಿ. ನಾನ ಹೆಡ್ಡಾಫೀಸಿಗೆ ಹೋಗಿ ಕುಂತು ಮಾಡಿಸ್ಕೊಂಡು ಬರ್ತೀನಿ."

ಇಬ್ಬರೂ ಹಾಳೆಯನ್ನೇ ನೋಡುತ್ತಿದ್ದರು.

"ನಿಂಗೆ ಆ ಮಳಿಗೆ ಬೇಕಾ?" ಎಂದು ಗಂಡ ಮೆಲ್ಲಗೆ ಕೇಳಿದರು.

"ನಿಮ್ಗೆ ಬೇಕು ಅಂತ ನಾನು ಸುಮ್ನಿದ್ದೆ."

"ನಿಂಗೆ ಬೇಕು ಅಂತ ನಾನು ಹೊರಟದ್ದು!"

"ನಾನು ಯಾವಾಗ ಬೇಕು ಅಂದೆ?"

"'ಪಕ್ಕದ ಮಳಿಗೆ ಖಾಲಿ ಆಗ್ತಾ ಉಂಟಂತೆ' ಅಂದ್ಯಲ್ಲೇ!"

"ಖಾಲಿ ಆಗ್ತಾ ಉಂಟು ಅಂದೆ. ತುಂಬ್ಸಿ ಅಂದ್ನಾ?"

ಗಂಡ ಕುರ್ಚಿಗೆ ಒರಗಿ ಉಸಿರು ಬಿಟ್ಟರು. ಅಷ್ಟು ಹಗುರಾಗಿ ಉಸಿರು ಬಿಟ್ಟ ಮನುಷ್ಯನನ್ನು ನಾನು ಬ್ಯಾಂಕಿನಲ್ಲಿ ಕಂಡಿಲ್ಲ. "ಹಂಗಾದ್ರೆ ಇದು ಹೀಗೇ ಇರ್ಲಿ ಮಾರಾಯ್ರೆ," ಎಂದರು ಮ್ಯಾನೇಜರಿಗೆ. ಪಕ್ಕದ ಮಳಿಗೆಯವರು ಹಳೆಯ ಪರಿಚಯದವರು, ಮುಂಗಡ ವಾಪಸ್ ಕೊಡುತ್ತಾರೆ, ಅದೇನೂ ತೊಂದರೆಯಿಲ್ಲ ಎಂದು ಅವರೇ ನಮಗೆ ಧೈರ್ಯ ಹೇಳಿದರು. ಮನೆ ಪತ್ರ, ಸೈಟಿನ ಪತ್ರ ಎರಡನ್ನೂ ನಾವು ಹಿಂದಕ್ಕೆ ಕೊಟ್ಟೆವು.

ಹೆಂಡತಿ ಮಾತ್ರ ಆ ಹಾಳೆಯನ್ನು ಬಿಡಲಿಲ್ಲ.

"ಇದ್ರದ್ದೊಂದು ಜೆರಾಕ್ಸ್ ಕೊಡಿ ಮೇಡಂ. ಮದುವೆ ಆದ ಮೇಲೆ ನಾವಿಬ್ರೂ ಒಂದೇ ಮಾತಿಗೆ ಒಪ್ಪಿದ್ದು ಇದೊಂದೇ. ಫ್ರೇಮ್ ಹಾಕಿಸ್ತೀನಿ."

ಜೆರಾಕ್ಸ್ ತೆಗೆದು ಕೊಟ್ಟೆ. ಇಬ್ಬರೂ ನಗುತ್ತಾ ಹೊರಟರು. ಬಾಗಿಲು ದಾಟುವಾಗ, "ದೇವರ ಫೋಟೋ ಪಕ್ಕ ಮೊಳೆ ಉಂಟು, ಅಲ್ಲೇ ಹಾಕಿದ್ರಾಯ್ತು," ಎಂದು ಗಂಡ ಹೇಳಿದ್ದು ಕೇಳಿಸಿತು. "ಅಲ್ಲಿ ಯಾರಿಗೆ ಕಾಣ್ತದೆ? ಅಂಗಡಿಯಲ್ಲಿ ಹಾಕ್ಬೇಕು," ಎಂದರು ಹೆಂಡತಿ. ಮೆಟ್ಟಿಲು ಇಳಿಯುವಷ್ಟರಲ್ಲಿ ದನಿ ಏರಿತು. ಬಸ್‌ಸ್ಟ್ಯಾಂಡ್ ಮುಟ್ಟುವ ಹೊತ್ತಿಗೆ ಗಂಡ ರಸ್ತೆಯ ಆ ಬದಿಯಲ್ಲಿ, ಹೆಂಡತಿ ಈ ಬದಿಯಲ್ಲಿ ನಡೆಯುತ್ತಿದ್ದರು.